ಮಧುನಾಶಿನಿ ನಂಬಿ ಹೊರಟವರಿಗೆ

ಗುಬ್ಬಿ
ಭಾನುವಾರ, ೧೪ ಸೆಪ್ಟೆಂಬರ್ ೨೦೨೫

ಹೇಮನ ಅಪ್ಪನಿಗೆ, ಚೆನ್ನಮ್ಮ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಪತ್ರದ ಶಾಸ್ತ್ರಕ್ಕೆ ಕೇಳುತ್ತಿಲ್ಲ, ಉತ್ತರ ಬೇಕು. ಬಾಯಿ ಒಣಗುತ್ತಿದೆಯೇ? ರಾತ್ರಿ ಎಷ್ಟು ಸಲ ಎದ್ದು ಹೊರಗೆ ಹೋಗುತ್ತೀರಿ? ದೇವರಾಯನದುರ್ಗದ ಬೆಟ್ಟ ಹತ್ತುವಾಗ ಹೊಸ ಚಪ್ಪಲಿ ಕಚ್ಚಿ ಆಗಿತ್ತಲ್ಲ, ಬಲಗಾಲಿನ ಹೆಬ್ಬೆರಳ ಗುಳ್ಳೆ, ಅದು ಒಣಗಿತೇ? ಒಣಗಿದೆ ಎಂದು ನೀವು ಹೇಳುತ್ತೀರೆಂದು ಗೊತ್ತು. ಬೆರಳನ್ನು ಬೆಳಕಿಗೆ ಹಿಡಿದು ನೋಡಿ ಆಮೇಲೆ ಹೇಳಿ. ಸೊಪ್ಪಿನ ರಸದಲ್ಲೇ ಸಕ್ಕರೆ ಕಾಯಿಲೆ ಇಳಿಸುತ್ತೇವೆನ್ನುವ ಕುಣಿಗಲ್ಲಿನ ಆ ಶಿಬಿರಕ್ಕೆ ಸೇರಿದವರ ಫೋನುಗಳನ್ನೆಲ್ಲ ಕಪಾಟಿಗೆ ಹಾಕಿ ಬೀಗ ಹಾಕುತ್ತಾರಂತೆ, ಮನಸ್ಸಿಗೆ ನೆಮ್ಮದಿ ಸಿಗಲಿ ಎಂದು. ನಿಮ್ಮ ಮನಸ್ಸಿಗೆ ಸಿಕ್ಕಿದೆಯೋ ಏನೋ, ನನ್ನದಂತೂ ನೀವು ಬುಧವಾರ ಕುಣಿಗಲ್ ಬಸ್ಸು ಹತ್ತಿದಾಗಲೇ ಹೋಯಿತು. ಹಾಗಾಗಿ ಮದುವೆಯಾದ ಮೇಲೆ ನಿಮಗೆ ಮೊದಲ ಸಲ ಪತ್ರ ಬರೆಯುತ್ತಿದ್ದೇನೆ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಫೋನಿನಲ್ಲಾಗಿದ್ದರೆ ಎರಡನೆಯ ಮಾತಿಗೇ ಕಟ್ ಮಾಡುತ್ತಿದ್ದಿರಿ.

ಇಲ್ಲಿ ನಾವು ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ಕೆಂದಿಗೆ ದಿನ ತುಂಬಿದೆ, ಇವತ್ತೋ ನಾಳೆಯೋ ಕರು ಹಾಕುತ್ತಾಳೆ. ತೋಟಕ್ಕೆ ಕಾಯಿ ಕೀಳುವವರು ಬಂದು ಹೋದರು. ಮರದ ಕೆಳಗೆ ನಿಂತುಕೊಂಡು, ಮರ ಹತ್ತಿದವನಿಗೆ ಕಾಯಿ ಕೀಳುವುದು ಹೇಗೆಂದು ಪಾಠ ಹೇಳುವವರು ಈ ಸಲ ಇರಲಿಲ್ಲವಾದ್ದರಿಂದ ಕೆಲಸ ಬೇಗ ಮುಗಿಯಿತು. ನಾನೇ ಕುಣಿಗಲ್ಲಿಗೆ ಬಂದುಬಿಡಬಹುದಿತ್ತು. ಹಸುವಿನ ನೆಪ ಅರ್ಧ ಮಾತ್ರ. ಹೊರಡುವಾಗ ಬಾಗಿಲಲ್ಲಿ ನಿಂತು ನೀವು ಆಡಿದ ಮಾತು ಉಳಿದರ್ಧ. "ನೀನೇನಾರ ಅಲ್ಲಿಗ್ ಬಂದ್ಯೋ, ಅಲ್ಲಿಂದ್ಲೂ ಎದ್ದೋಯ್ತೀನಿ ಕಣೇ, ಎಲ್ಲಿಗೆ ಅಂತ ನಿಂಗೂ ಗೊತ್ತಾಗಕಿಲ್ಲ." ನೀವು ಹಾಗೆ ಮಾಡುವವರೇ. ಎಲ್ಲಿದ್ದೀರಿ ಎಂದು ಗೊತ್ತಿರುವುದಾದರೂ ಇರಲಿ ಎಂದು ಸುಮ್ಮನಿದ್ದೇನೆ.

ಈ ರಾದ್ಧಾಂತ ಶುರುವಾದದ್ದು ಪಾಯಸದಿಂದ ಎಂದು ನೀವು ಇವತ್ತಿಗೂ ನಂಬಿದ್ದೀರಿ. ಶುರುವಾದದ್ದು ಹೇಮ ತಂದ ಸಿಹಿಸುದ್ದಿಯಿಂದ. ಗಣೇಶನನ್ನು ಬಿಟ್ಟ ಮೇಲಿನ ಭಾನುವಾರ ತುಮಕೂರಿನಿಂದ ಬಂದಳಲ್ಲ, ಕಾಲೇಜಿನ ಲ್ಯಾಬಿನಲ್ಲಿ ತಾನು ಎರಡು ವರ್ಷ ಒದ್ದಾಡಿದ ಕೆಲಸ ಕೈಗೆ ಬಂತು ಎಂದು. ಮಧುನಾಶಿನಿ ಎಲೆಯನ್ನು ಒಣಗಿಸಿ, ಪುಡಿ ಮಾಡಿ, ಅದರ ಸಾರ ತೆಗೆದು, ಇನ್ಸುಲಿನ್ ಮಾಡುವ ಇಲಿಯ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಅವುಗಳ ಮೇಲೆ ಹಾಕಿದರೆ, ಅವು ಮೊದಲಿಗಿಂತ ಹೆಚ್ಚು ಇನ್ಸುಲಿನ್ ಹೊರಗೆ ಬಿಟ್ಟವಂತೆ. ನಮ್ಮ ತೋಟದ ಬೇಲಿಯ ಬಳ್ಳಿಯ ಎಲೆಯೇ ಅದು. ನಿಮ್ಮ ಮುಖ ನೋಡಬೇಕಿತ್ತು! ಹಿರೇಹಳ್ಳಿ ಕಾರ್ಖಾನೆಯಲ್ಲಿ ಪ್ರಮೋಷನ್ ಸಿಕ್ಕ ದಿನವೂ ಅಷ್ಟು ಅರಳಿರಲಿಲ್ಲ. "ನೋಡ್ದೇನೇ? ಹಿತ್ತಲ ಗಿಡ ಮದ್ದಲ್ಲ ಅಂತಿದ್ರಲ್ಲ, ನನ್ ಮಗ್ಳೇ ತೋರ್ಸ್‌ಬುಟ್ಲು!" ಎಂದು ಬೇಲಿಗೆ ಹೋಗಿ ಮಡಿಲು ತುಂಬ ಎಲೆ ಕಿತ್ತು ತಂದಿರಿ. ನಮ್ಮೆಲ್ಲರ ಬಾಯಿಗೂ ಎರಡೆರಡು ಎಲೆ ತುರುಕಿ ಅಗಿಸಿದಿರಿ. ಆಮೇಲೆ ನಾಲಿಗೆಗೆ ಸಕ್ಕರೆ ಹಾಕಿಕೊಂಡರೆ ಮರಳು ಹಾಕಿಕೊಂಡಂತಾಯಿತು. ಸಕ್ಕರೆಯನ್ನು ಎಲೆಯೇ ತಿಂದುಹಾಕಿತು ಎಂದು ನೀವು ಕುಣಿದಾಡಿದಿರಿ. ಎಲೆ ನಾಲಿಗೆಯ ಸಿಹಿ ರುಚಿಯನ್ನಷ್ಟೇ ಸ್ವಲ್ಪ ಹೊತ್ತು ಮರೆಸುತ್ತದೆ, ಸಕ್ಕರೆ ಹೊಟ್ಟೆಗೆ ಸಕ್ಕರೆಯಾಗಿಯೇ ಹೋಗುತ್ತದೆ ಎಂದು ಹೇಮ ಬಡಕೊಂಡಳು. ಕೇಳುವವರು ಯಾರು?

ಸಿಹಿಸುದ್ದಿ ತಂದವರ ಬಾಯಿಗೆ ಸಿಹಿ ಹಾಕದೆ ಕಳಿಸಬಾರದೆಂಬುದು ನಿಮ್ಮ ಮನೆತನದ ಕಟ್ಟಳೆ. ಅದೇ ಬಾಯಲ್ಲಿ ಹೋಗಿ ಗಸಗಸೆ ಪಾಯಸಕ್ಕೆ ಇಟ್ಟೆ ನಾನು. ರುಚಿ ನೋಡಿದರೆ ಸಪ್ಪೆ. ಬೆಲ್ಲ ಹಾಕಿದೆ, ಸಪ್ಪೆ. ಮತ್ತೆ ಹಾಕಿದೆ. ಇಷ್ಟು ವರ್ಷ ಅಡುಗೆ ಮಾಡಿದವಳಿಗೆ ನಾಲಿಗೆ ಕೈಕೊಟ್ಟಿದೆ ಎಂದು ಹೊಳೆಯಲೇ ಇಲ್ಲ, ಬೆಲ್ಲದ ಅಂಗಡಿಯವನನ್ನು ಬೈದುಕೊಂಡೆ. ಬಡಿಸಿದಾಗ ನೀವೂ ಗಂಜಿಯಂತಿದೆ ಎಂದು ಬಟ್ಟಲ ಮೇಲೆ ಬಟ್ಟಲು ಕುಡಿದಿರಿ. ಪಕ್ಕದ ಮನೆಯವಳಿಗೆ ಒಂದು ಲೋಟ ಕಳಿಸಿದ್ದೆ. ಸಂಜೆ ಲೋಟ ವಾಪಸ್ ಕೊಡುತ್ತಾ, "ಅಕ್ಕಾ, ಪಾಯ್ಸ ಯಾಕ್ ಮಾಡಕ್ ಹೋದ್ರಿ, ಬೆಲ್ಲದಚ್ಚೇ ಕೊಟ್ ಕಳಿಸ್ಬೋದಾಗಿತ್ತು" ಎಂದಳು. ಅದನ್ನು ಕೇಳಿ ನಾವು ಮೂವರೂ ಬಿದ್ದು ಬಿದ್ದು ನಕ್ಕೆವು. ಈಗ ನಗು ಬರುವುದಿಲ್ಲ. ಅವತ್ತು ರಾತ್ರಿ ನೀವು ಇನ್ಸುಲಿನ್ ತೆಗೆದುಕೊಳ್ಳಲಿಲ್ಲ. ಮರುದಿನ ಬೆಳಿಗ್ಗೆಯೂ ಇಲ್ಲ. ಮಧ್ಯಾಹ್ನ ನಾನೇ ಬೆರಳಿಗೆ ಚುಚ್ಚಿ ನೋಡಿದಾಗ ಸಕ್ಕರೆ ನಾನೂರು ದಾಟಿತ್ತು. ನೀವು ಪಾಯಸವನ್ನು ಬೈದಿರಿ, ಬಿಟ್ಟ ಸೂಜಿಯನ್ನು ಬೈಯಲಿಲ್ಲ. "ಮನೇಲಿದ್ರೆ ಪಥ್ಯ ಆಗಕಿಲ್ಲ" ಎಂಬ ಹೊಸ ಪಲ್ಲವಿ ಶುರುವಾಯಿತು. ಅದು ಮುಗಿದದ್ದು ಶಿಬಿರದ ಬಾಗಿಲಲ್ಲಿ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ನೀವಲ್ಲ, ಅದೇ ನನಗೆ ಆಶ್ಚರ್ಯ. ಲೇತ್ ಮೆಷಿನ್ನಿನ ಮುಂದೆ ಜೀವಮಾನ ಕಳೆದವರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಸಾಮಾನು ವಾಪಸ್ ಮಾಡುತ್ತಿದ್ದವರು. ಮಗಳ ಮಾತಿನಲ್ಲಿ ಮಾತ್ರ ಬೇಕಾದ ಅರ್ಧವನ್ನು ಇಟ್ಟುಕೊಂಡು ಬೇಡದ ಅರ್ಧವನ್ನು ಬೇಲಿಯಾಚೆ ಎಸೆದಿರಿ. ಅವಳು ಅವತ್ತೇ ಹೇಳಿದ್ದಳು: "ಅಪ್ಪಾ, ಇದು ಗಾಜಿನ ತಟ್ಟೇಲಿ ಆಗಿರೋದು ಕಣಪ್ಪಾ. ಮನುಷ್ಯರಿಗೆ ಎಷ್ಟು ಕೊಡ್ಬೇಕು, ಯಾರಿಗಾಗುತ್ತೆ, ಯಾರಿಗಾಗಲ್ಲ, ಅದೆಲ್ಲ ಇನ್ನೂ ನೋಡ್ಬೇಕು."

ನಿಮ್ಮ ವಾದ ನನಗೆ ಗೊತ್ತಿಲ್ಲದ್ದಲ್ಲ. ನಿಮ್ಮ ತಂಗಿ ಪುಟ್ಟಗಂಗಮ್ಮನಿಗೆ ಎಲೆ ಕೆಲಸ ಮಾಡಿದೆಯಲ್ಲ, ಒಡಹುಟ್ಟಿದ ನನಗೆ ಯಾಕೆ ಮಾಡುವುದಿಲ್ಲ ಎಂದು. ಮಾಡಿದೆ, ಸುಳ್ಳಲ್ಲ. ಅವಳಿಗೆ ಸಕ್ಕರೆ ಕಾಯಿಲೆ ಶುರುವಾಗಿ ಎರಡು ವರ್ಷವಾಗಿಲ್ಲ. ಡಾಕ್ಟರಿಗೆ ಹೇಳದೆ ಮಾತ್ರೆಯ ಜೊತೆ ಎಲೆಯ ಕಷಾಯವನ್ನೂ ಕುಡಿದಳು. ಕೆಲಸ ಎಷ್ಟು ಜೋರಾಗಿ ಆಯಿತೆಂದರೆ, ಶಿರಾ ಗೇಟ್‌ನಲ್ಲಿ ಬಸ್ಸಿಗೆ ಕಾಯುತ್ತಾ ನಿಂತವಳು ಬೆವರು ಕಿತ್ತುಕೊಂಡು, ಕೈಕಾಲು ನಡುಗಿ, ಅಜ್ಮತುಲ್ಲಾ ಸಾಹೇಬರ ಸೈಕಲ್ ಅಂಗಡಿಯ ಮುಂದೆ ಕುಸಿದು ಕೂತಳು. ಅವರು ಓಡಿ ಹೋಗಿ ಟೀ ತಂದು, ಸಕ್ಕರೆ ಸುರಿದು ಕುಡಿಸದಿದ್ದರೆ ಏನಾಗುತ್ತಿತ್ತೋ. ನೀವು ಊರಿಗೆಲ್ಲ ಹೇಳುವುದು ಸಕ್ಕರೆ ಇಳಿದ ಕಥೆ, ಅವಳು ಕುಸಿದ ಕಥೆ ನಿಮ್ಮ ಬಾಯಲ್ಲಿ ಬರುವುದೇ ಇಲ್ಲ. ಮಾತ್ರೆಯೂ ಮೈಯಿಂದ ಇನ್ಸುಲಿನ್ ಹೊರಡಿಸುವಂಥದ್ದು, ಎಲೆಯೂ ಅದನ್ನೇ ಮಾಡಿರಬೇಕು, ಎರಡೂ ಸೇರಿ ಸಕ್ಕರೆಯನ್ನು ಪಾತಾಳಕ್ಕೆ ಇಳಿಸಿರಬೇಕು ಎಂದು ಡಾಕ್ಟರ್ ಶಶಿಕಲಾ ಆಮೇಲೆ ಹೇಳಿದರಂತೆ. ಎಲೆಗೆ ಶಕ್ತಿಯಿಲ್ಲ ಎಂದು ನಾನು ಯಾವತ್ತೂ ಹೇಳಿಲ್ಲ. ಶಕ್ತಿ ಇರುವುದಕ್ಕೇ ನನಗೆ ಭಯ.

ಈಗ ಮುಖ್ಯ ಸುದ್ದಿ. ನೀವು ಹೊರಡುವ ಮುಂಚೆ ಹೇಮ ಕೈಕಾಲು ಹಿಡಿದು ನಿಮ್ಮಿಂದ ರಕ್ತ ಕೊಡಿಸಿದ್ದಳಲ್ಲ, ಅದರ ಫಲಿತಾಂಶ ಗುರುವಾರ ಬಂತು. ಮೈ ತಾನಾಗಿ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಎಂದು ತಿಳಿಸುವ ಪರೀಕ್ಷೆ ಅದು. ನಿಮ್ಮ ಮೈ ಹತ್ತಿರ ಹತ್ತಿರ ಏನನ್ನೂ ತಯಾರಿಸುತ್ತಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲಿನ ಕಾಯಿಲೆ, ಆ ಜೀವಕೋಶಗಳು ದುಡಿದು ದುಡಿದು ಸೋತಿವೆ ಎಂದರು ಡಾಕ್ಟರು. ನಾನೂ ಹೇಮನೂ ಇಬ್ಬರೂ ಎದುರಿಗೆ ಕೂತು ಕೇಳಿದೆವು. ಅರ್ಥವಾಗದೆ ನಾನು ಮತ್ತೆ ಕೇಳಿದೆ, ಎಲೆ ಹಾಕಿದರೆ ಅವು ಎದ್ದು ಕೂರುವುದಿಲ್ಲವೇ ಎಂದು. ಎಲೆ ಇನ್ಸುಲಿನ್ ಅಲ್ಲ, ಇನ್ಸುಲಿನ್ ಇರುವ ಕೋಶವನ್ನು, ಇರುವುದನ್ನು ಹೊರಗೆ ಬಿಡು ಎಂದು ಎಬ್ಬಿಸುತ್ತದೆ ಅಷ್ಟೇ ಎಂದರು. ಆಗ ನನಗೆ ಕೊಟ್ಟಿಗೆ ಕಣ್ಮುಂದೆ ಬಂತು. ಕರುವನ್ನು ಕೆಚ್ಚಲಿಗೆ ಬಿಟ್ಟರೆ ಅದು ಗುದ್ದಿದಂತೆಲ್ಲ ಹಸು ಹಾಲು ಇಳಿಸುತ್ತದೆ. ಹಾಲು ಕರುವಿನದಲ್ಲ, ಹಸುವಿನದು. ಬತ್ತಿದ ಹಸುವಿಗೆ ಎಂಥ ಕರುವನ್ನು ಬಿಟ್ಟರೂ ಕೆಚ್ಚಲು ನೋಯುತ್ತದೆಯೇ ಹೊರತು ತೊಟ್ಟು ಹಾಲು ಬರುವುದಿಲ್ಲ. ಪುಟ್ಟಗಂಗಮ್ಮ ಇನ್ನೂ ಕರೆಯುವ ಹಸು ರೀ. ನೀವು ಬತ್ತಿದ್ದೀರಿ. ಹೀಗೆ ಬರೆಯಲು ನನಗೆ ಕಷ್ಟವಾಗುತ್ತದೆ, ಆದರೂ ಬರೆಯಬೇಕು. ನಿಮಗೆ ಹಾಲನ್ನು ಹೊರಗಿನಿಂದಲೇ ತರಬೇಕು, ಆ ಹೊರಗಿನದು ಸೂಜಿಯಲ್ಲೇ ಬರುತ್ತದೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ನಾಚಿಕೆ ಎಂದೆನಲ್ಲ, ಅದೇ ನಿಮ್ಮ ನಿಜವಾದ ಕಾಯಿಲೆ ಎಂದು ನನ್ನ ಅನುಮಾನ. ಹಿರೇಹಳ್ಳಿಯ ನಿಮ್ಮ ಸ್ನೇಹಿತರ ಮಗನ ಮದುವೆಯಲ್ಲಿ, ಪಂಕ್ತಿ ಕೂರುವ ಮುಂಚೆ ಸೂಜಿ ಹಾಕಿಕೊಳ್ಳಲು ಕಲ್ಯಾಣಮಂಟಪದ ಬಚ್ಚಲಿಗೆ ಹೋದವರು, ಯಾರೋ ಬಾಗಿಲು ತಟ್ಟಿದರೆಂದು ಅಂಗಿಯ ಗುಂಡಿ ಹೆಚ್ಚುಕಡಿಮೆ ಹಾಕಿಕೊಂಡು ಹೊರಗೆ ಬಂದಿರಿ. ಅವತ್ತಿನಿಂದ ನೀವು ಒಂದು ಮದುವೆಗೂ ಬರಲಿಲ್ಲ. ಇದೆಲ್ಲ ನನ್ನ ಕಣ್ಣಿಗೆ ಬಿದ್ದಿದೆ, ಹೇಳಿರಲಿಲ್ಲ ಅಷ್ಟೇ. ಸೂಜಿ ಹಿಡಿದವನು ಸೂಜಿಯಲ್ಲೇ ಹೋಗುತ್ತಾನೆ ಎಂದು ನಿಮ್ಮ ತಾಯಿ ಹೇಳುತ್ತಿದ್ದರು. ಸೂಜಿ ಬೇಡವೆಂದು ಹಠ ಹಿಡಿದ ಎಷ್ಟು ಜನ ಹೋದರೆಂದು ಅವರು ಎಣಿಸಿರಲಿಲ್ಲ, ಪಾಪ. ಹೇಮ ಬಂದು ಎಲೆಯ ವಿಷಯ ಹೇಳಿದಾಗ ನಿಮ್ಮ ಮುಖ ಅರಳಿದ್ದು ಮಗಳ ಗೆಲುವಿಗೆ ಮಾತ್ರವಲ್ಲ, ಆ ಬಚ್ಚಲಿನಿಂದ ಬಿಡುಗಡೆಯಾಯಿತು ಎಂಬುದಕ್ಕೂ. ಅದು ಅರ್ಥವಾದ ಮೇಲೆ ನನಗೆ ನಿಮ್ಮ ಮೇಲೆ ಮೊದಲಿನಷ್ಟು ಕೋಪ ಇಲ್ಲ. ಸ್ವಲ್ಪ ಇದೆ.

ಹೇಮನ ವಿಷಯ ಹೇಳಿಬಿಡುತ್ತೇನೆ. ಗುರುವಾರದಿಂದ ಅವಳು ಇಲ್ಲೇ ಇದ್ದಾಳೆ, ಲ್ಯಾಬಿಗೆ ಹೋಗಿಲ್ಲ. ಗೈಡ್ ಮೇಡಂ ಫೋನ್ ಮಾಡಿದರೆ ಜ್ವರ ಎನ್ನುತ್ತಾಳೆ. ಬೇಲಿಯ ಕಡೆಯ ಕಿಟಕಿ ತೆಗೆಯುವುದಿಲ್ಲ. ನಿನ್ನೆ ರೊಟ್ಟಿ ತಟ್ಟುತ್ತಾ ಇದ್ದಕ್ಕಿದ್ದಂತೆ, "ಅಮ್ಮಾ, ನಾನು ಅವತ್ತು ಬಾಯಿ ಮುಚ್ಕೊಂಡಿದ್ರೆ ಅಪ್ಪ ಮನೇಲಿರ್ತಿದ್ರು ಅಲ್ವಾ?" ಎಂದಳು. ಹೆಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ನಿಜವಾದ ಕೆಲಸ ಮಾಡಿದ್ದಾಳೆ ಹುಡುಗಿ. ಮುಂದೆ ಎಂದಾದರೂ ಪುಟ್ಟಗಂಗಮ್ಮನಂಥವರಿಗೆ ಅಳತೆ ಮಾಡಿ ಕೊಡುವ ಔಷಧಿಯೇ ಆಗಬಹುದು ಅದು, ಆಗದೆಯೂ ಇರಬಹುದು. ನಾಳೆ ಆ ಗುಳ್ಳೆ ಬಲಿತು, ತನ್ನ ಕೆಲಸವೇ ಅಪ್ಪನ ಕಾಲು ತೆಗೆಸಿತು ಎಂಬ ಹೊರೆ ಅವಳ ತಲೆಯ ಮೇಲೆ ಬಿದ್ದರೆ ಅದನ್ನು ಇಳಿಸುವುದು ನನ್ನಿಂದಾಗುವುದಿಲ್ಲ. ನೀವೊಬ್ಬರೇ ಇಳಿಸಬಲ್ಲಿರಿ.

ಇನ್ನು ನಿಮ್ಮ ಘನಂದಾರಿ ಕೆಲಸಕ್ಕೆ ಬರುತ್ತೇನೆ. ಶಿಬಿರಕ್ಕೆ ತರಕಾರಿ ಹಾಕುವ ನನ್ನ ಅಣ್ಣನ ಮಗ ಚನ್ನೇಶ್ ನಿನ್ನೆ ಸಂಜೆ ಬಂದಿದ್ದ. ಎರಡು ಮುದ್ದೆ ಉಂಡ ಮೇಲೆ ಬಾಯಿ ಬಿಟ್ಟ. "ಅತ್ತೆ, ಅಲ್ಲಿ ಗೇಟ್ ತಾವ್ಲೇ ಬೋರ್ಡ್ ಹಾಕವ್ರೆ, ಇನ್ಸುಲಿನ್ ತಗೊಳ್ಳೋರ್ನ ಸೇರ್ಸ್ಕೊಳಲ್ಲ ಅಂತ. ಮತ್ತೆ ಮಾವನ್ನ ಹೆಂಗ್ ಸೇರ್ಸ್ಕಂಡ್ರು?" ಹೇಗೆ ಎಂದು ಯೋಚಿಸಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಶಿಬಿರ ನಡೆಸುವ ಮಹಾಲಿಂಗಯ್ಯನವರನ್ನು ನಾನು ಈ ನಾಲ್ಕು ದಿನ ಬಾಯಿಗೆ ಬಂದಂತೆ ಶಪಿಸಿದ್ದೆ, ಗಿಡ ತೋರಿಸಿ ಜನರ ಔಷಧಿ ಬಿಡಿಸುವ ಮೋಸಗಾರ ಎಂದು. ಆ ಮನುಷ್ಯ ಗೇಟಿನಲ್ಲೇ ಬರೆದು ಹಾಕಿದ್ದಾರೆ. ಸುಳ್ಳು ಹೇಳಿ ಒಳಗೆ ಹೋದವರು ನನ್ನ ಗಂಡ. ಬರೀ ಮಾತ್ರೆಯವನು ಎಂದಿರಾ, ಅಥವಾ ಏನೂ ಇಲ್ಲ ಎಂದಿರಾ? ಅವರು ನಿಮ್ಮನ್ನು ನಂಬಿ ಸೊಪ್ಪಿನ ರಸ ಕೊಡುತ್ತಿದ್ದಾರೆ, ನೀವು ಒಳಗೊಳಗೇ ಒಣಗುತ್ತಿದ್ದೀರಿ. ಕುಂಟುತ್ತಾ ನಡೆಯುತ್ತಿದ್ದೀರಂತೆ. ಹೊತ್ತುಹೊತ್ತಿಗೂ ನೀರಿನ ಬಾಟಲಿ ತುಂಬಿಸಿಕೊಳ್ಳುತ್ತಿದ್ದೀರಂತೆ. ಕೇಳಿದ ಮೇಲೆ ನನಗೆ ಅಳು ಬಂತು, ಚನ್ನೇಶನ ಎದುರಿಗೇ ಅತ್ತೆ.

ಮಹಾಲಿಂಗಯ್ಯನವರ ಫೋನ್ ನಂಬರ್ ಚನ್ನೇಶ್ ಕೊಟ್ಟಿದ್ದಾನೆ. ಒಂದು ಮಾತು ಹೇಳಿದರೆ ಸಾಕು, ಈಗಲೇ ನಿಮ್ಮನ್ನು ಹೊರಗೆ ಕಳಿಸುತ್ತಾರೆ. ಆದರೆ ಹತ್ತು ಜನರ ಮುಂದೆ ಸುಳ್ಳುಗಾರ ಎನ್ನಿಸಿಕೊಂಡು ಗಂಟು ಕಟ್ಟುವುದು ನಿಮಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತು. ಅದಕ್ಕೇ ಫೋನ್ ಮಾಡಿಲ್ಲ. ನೀವೇ ಅವರ ಹತ್ತಿರ ಹೋಗಿ ಹೇಳಿ. ಇಂದು ಚನ್ನೇಶ್ ತರುವ ಈ ಪತ್ರ ಕೈಗೆ ಬಂದ ತಕ್ಷಣ ಹೇಳಿದರೆ ಸಾಕು, ಅವನು ತನ್ನ ಗಾಡಿಯಲ್ಲೇ ಹೆಬ್ಬೂರಿನ ಮೇಲೆ ಮನೆಗೆ ಕರೆತರುತ್ತಾನೆ. ಯಾರೂ ಏನೂ ಕೇಳುವುದಿಲ್ಲ. ನಾನೂ ಕೇಳುವುದಿಲ್ಲ, ಒಂದು ವಾರದ ಮಟ್ಟಿಗೆ.

ಪುಟ್ಟಗಂಗಮ್ಮ ಅಣ್ಣನಿಗೆ ನಮಸ್ಕಾರ ತಿಳಿಸಿದ್ದಾಳೆ. ಡಾಕ್ಟರಿಗೆ ಹೇಳದೆ ಇನ್ನು ಮೇಲೆ ತುಳಸಿ ಎಲೆಯನ್ನೂ ತಿನ್ನುವುದಿಲ್ಲ ಎಂದು ಆಣೆ ಮಾಡಿದ್ದಾಳೆ. ಹೇಮ ಏನೂ ಹೇಳಿ ಕಳಿಸಿಲ್ಲ. ದೇವರಾಯನದುರ್ಗದ ನರಸಿಂಹಸ್ವಾಮಿ ನಿಮ್ಮ ಕಾಲು ಕಾಯಲಿ, ತಲೆಗೆ ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ನಿಮ್ಮ ದಾರಿ ನೋಡುತ್ತಿರುವ,
ಚೆನ್ನಮ್ಮ

ಮರೆತ ಮಾತು: ಚನ್ನೇಶ್ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಗೀಚಿ ಮುಗಿಸುತ್ತೇನೆ. ಫೋನ್ ಮಾಡಿಲ್ಲ ಎಂದು ಮೇಲೆ ಬರೆದಿದ್ದೆ. ಬರೆಯುವಾಗ ಅದು ನಿಜವಾಗಿತ್ತು. ಈಗ ಅವನು ಬಂದವನು ನಿನ್ನೆ ನುಂಗಿಕೊಂಡಿದ್ದ ಮಾತನ್ನೂ ಹೇಳಿದ, ನಿನ್ನೆ ಬೆಳಿಗ್ಗೆ ನೀವು ಎದ್ದೇ ಇರಲಿಲ್ಲವಂತೆ, ಬೆರಳಿನ ಸುತ್ತ ಕಪ್ಪಾಗಿದೆಯಂತೆ. ಕೇಳಿದ್ದೇ ಹೇಮ ಚಪ್ಪಲಿ ಮೆಟ್ಟಿಕೊಂಡಳು. ನಿಮ್ಮ ಮಾನ ನೋಡಿಕೊಂಡು ಕೂರಲು ನನ್ನಿಂದ ಆಗಲಿಲ್ಲ. ಮಹಾಲಿಂಗಯ್ಯನವರಿಗೆ ಎಲ್ಲ ಹೇಳಿಬಿಟ್ಟೆ. "ಅಯ್ಯೋ ತಾಯಿ, ವೆಂಕಟರಂಗಯ್ಯನೋರು ಒಂದ್ ಮಾತೂ ಹೇಳ್ನಿಲ್ವಲ್ಲಾ" ಎಂದರು. ಬೈಯಲಿಲ್ಲ, ಯಾರ ಮುಂದೆಯೂ ಆಡುವುದಿಲ್ಲ ಎಂದಿದ್ದಾರೆ. ಈ ಪತ್ರ ನಿಮ್ಮ ಕೈಗೆ ಬರುವ ಹೊತ್ತಿಗೆ ಅವರು ನಿಮ್ಮನ್ನು ಕುಣಿಗಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿರುತ್ತಾರೆ, ಚನ್ನೇಶ್ ನೇರ ಅಲ್ಲಿಗೇ ಬರುತ್ತಾನೆ. ಡಾಕ್ಟರ್ ಶಶಿಕಲಾ ಅಲ್ಲಿನವರ ಜೊತೆ ಮಾತಾಡಿದ್ದಾರೆ, ಇನ್ಸುಲಿನ್ ಎಷ್ಟು ಹಾಕಬೇಕೆಂದು ಅವರೇ ಹೇಳುತ್ತಾರೆ, ನೀವು ಲೆಕ್ಕ ಹಾಕಬೇಡಿ. ಹೇಮನೂ ಇದೇ ಗಾಡಿಯಲ್ಲಿ ಬರುತ್ತಿದ್ದಾಳೆ, ಅವಳನ್ನು ಬರಿಗೈಯಲ್ಲಿ ವಾಪಸ್ ಕಳಿಸಬೇಡಿ. ಎದ್ದು ಹೋಗುತ್ತೀರಾದರೆ ಸೂಜಿ ಹಾಕಿಸಿಕೊಂಡು ಎದ್ದು ಹೋಗಿ. ಮನೆಗೆ ಬರದಿದ್ದರೂ ಸರಿ. ನನ್ನ ಜೊತೆ ಮಾತು ಬಿಟ್ಟರೂ ಸರಿ. ಕೋಪ ಮಾಡಿಕೊಳ್ಳಲಿಕ್ಕಾದರೂ ನೀವು ಇರಬೇಕು ಕಣ್ರೀ.